ಒತ್ತಿದರೆ ತೆರೆಯುವ ಅಂಗಡಿ

ಜಾಹೀರಾತು ಬರೆಸಲು ಬಂದವರು ತಮ್ಮ ಮಾಲಿನ ಬಗ್ಗೆ ಮಾತಾಡುತ್ತಾರೆ ಎಂದುಕೊಂಡರೆ ತಪ್ಪು. ಅವರು ಬೀಗರ ಬಗ್ಗೆ ಮಾತಾಡುತ್ತಾರೆ, ತೀರಿಹೋದ ಅಜ್ಜನ ಬಗ್ಗೆ ಮಾತಾಡುತ್ತಾರೆ. ಮಾಲಿನ ಮಾತು ಬರುವುದು ಎದ್ದು ಚಪ್ಪಲಿ ಮೆಟ್ಟುವಾಗ. ನನ್ನ ಪ್ರೆಸ್ಸಿನಲ್ಲಂತೂ ವಾರಕ್ಕೊಂದು ಇಂಥದ್ದು ತಪ್ಪಿದ್ದಲ್ಲ.

ಬೆಟಗೇರಿಯಲ್ಲಿ ನಾನು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವನು. ಗದಗ ಜಿಲ್ಲೆಯಾದ ಮೇಲೆ ಹುಟ್ಟಿದವರೆಲ್ಲ ಲಗ್ನದ ವಯಸ್ಸಿಗೆ ಬಂದು, ಪತ್ರಿಕೆಯನ್ನು ಫೋನಿನಲ್ಲೇ ಕಳಿಸತೊಡಗಿದರು. ಪ್ರೆಸ್ಸು ತೂಕಡಿಸಿತು. ಆಗ ಆನ್‌ಲೈನ್ ಜಾಹೀರಾತು ಕಲಿತೆ. ಯಾರಾದರೂ ಫೋನಿನಲ್ಲಿ ಏನನ್ನೋ ಹುಡುಕಿದರೆ ಮೇಲ್ಗಡೆ ನಮ್ಮ ಗಿರಾಕಿಯ ಎರಡು ಸಾಲು ಕಾಣಬೇಕು, ಒತ್ತಿದರೆ ಅವನ ಅಂಗಡಿಯ ಪುಟ ತೆರೆಯಬೇಕು. ವಿದ್ಯೆ ಇಷ್ಟೇ.

ಹೆಂಡತಿಗೆ ನಂಬಿಕೆ ಬರಲಿಲ್ಲ. "ಯುಗಾದಿ ತನಕಾ ನೋಡ್ತೀನಿ. ನೀವು ಬರದದ್ದ ನೋಡಿ ಒಬ್ಬರಾದ್ರೂ ಖರೆ ಆರ್ಡರ್ ಕೊಟ್ರ ಸೈ. ಇಲ್ಲಾಂದ್ರ ಹರ್ತಿ ಊರಾಗ ನಮ್ಮಣ್ಣನ ಗೊಬ್ಬರದ ಅಂಗಡ್ಯಾಗ ಹೋಗಿ ಕುಂಡ್ರಿ" ಎಂದಳು. ಅವಳ ಅಣ್ಣ ನನ್ನನ್ನು ಮದುವೆಯ ದಿನದಿಂದಲೂ ಹೆಸರು ಹಿಡಿದು ಕರೆಯುವ ಮನುಷ್ಯ. ಅವನ ಕೈಕೆಳಗೆ ಗೊಬ್ಬರದ ಚೀಲ ಒಟ್ಟುವುದನ್ನು ನೆನೆದೇ ನನಗೆ ಊಟ ಸೇರದಾಯಿತು.

ಸ್ನಾನ ಮಾಡಿ ಒತ್ತುವ ಬೀಗರು

ಮೊದಲ ಗಿರಾಕಿ ಮುಂಡರಗಿಯ ಪಂಪ್‌ಸೆಟ್ ಮೋಟರು ರಿಪೇರಿಯವರು. ಜಾಹೀರಾತು ಹಾಕಿದ ಮರುದಿನದಿಂದಲೇ ಜನ ಒತ್ತಿದ್ದೇ ಒತ್ತಿದ್ದು. ಬೆಳಿಗ್ಗೆ ಎಂಟೂವರೆಗೆ ಆ ದಿನಕ್ಕೆಂದು ಇಟ್ಟ ಹಣವೆಲ್ಲ ಖಾಲಿ. ಆದರೆ ಒಂದು ಮೋಟರೂ ಬಂದಿಲ್ಲ. ಫೋನ್ ಮಾಡಿ ಕೇಳಿದೆ.

"ಎದ್ದ ಕೂಡ್ಲೆ ನಾ ಒಮ್ಮೆ ಒತ್ತಿ ನೋಡ್ತೀನ್ರಿ, ಐತೋ ಇಲ್ಲೋ ಅಂತ. ಆಮ್ಯಾಲೆ ನಮ್ಮನಿಯಾಕಿ ನೋಡ್ತಾಳ. ಶಿರಹಟ್ಟಿ ಬೀಗರು ಭಾಳ ಚಲೋ ಮಂದಿ, ದಿನಾ ಸ್ನಾನಾ ಮಾಡೇ ಒತ್ತತಾರ."

ಒಂದೊಂದು ಸಲ ಒತ್ತಿದಾಗಲೂ ಹಣ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಅವರು ಅಂದೇ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಂತು, "ಯಾರೂ ಒತ್ತಬ್ಯಾಡ್ರಪಾ, ನನಗ ಲುಕ್ಸಾನ ಆಗ್ತೈತಿ" ಎಂದು ಸಾರಿಬಿಟ್ಟರು.

ಮೂರು ದಿನ ಬಿಟ್ಟು ಸಿಂಗಟಾಲೂರಿನ ರೈತರೊಬ್ಬರು ಸುಟ್ಟ ಮೋಟರನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದರು. ಅಂಗಡಿ ಸಿಗದೆ ಊರೆಲ್ಲ ಸುತ್ತಿ, ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಬಂದು ನಿಂತರು. "ಫೋನ್‌ನ್ಯಾಗ ಅಡ್ರೆಸ್ ಇತ್ತಲ್ರಿ?" ಎಂದು ಇವರು ಕೇಳಿದರೆ ರೈತರು ಅಂದರಂತೆ, "ಇತ್ತು. ಪಾಪ, ನಿಮಗ್ಯಾಕ ಲುಕ್ಸಾನ ಅಂತ ಒತ್ತಲಿಲ್ಲ."

ಇದು ಜಾಹೀರಾತಿನ ಆರ್ಡರ್ ಎಂದು ನಾನು ವಾದಿಸಿದೆ. ಹೆಂಡತಿ ಒಪ್ಪಲಿಲ್ಲ.

ಹಿರಿಯರ ಹೆಸರು ಮೇಲಿರಲಿ

ಎರಡನೆಯವರು ಬೆಟಗೇರಿಯ ಸೀರೆ ಅಂಗಡಿಯ ಅಣ್ಣತಮ್ಮಂದಿರು. ಅವರ ಪಾಲಿಗೆ ನಾನು ಇನ್ನೂ ಲಗ್ನಪತ್ರಿಕೆಯವನೇ.

"ಮ್ಯಾಲೆ ಅಜ್ಜಂದು ಹಾಕ್ರಿ. ಕೆಳಗ ಕಾಕಾಗೋಳು ಐದು ಮಂದಿ. ಒಬ್ಬರ ಹೆಸರ ಬಿಟ್ರೂ ಮನ್ಯಾಗ ಜಗಳ ಹತ್ತತೈತಿ" ಎಂದರು ಅಣ್ಣ. ತಮ್ಮನವರು ಅತ್ತೆಯರ ಪಟ್ಟಿ ಕೊಟ್ಟರು. ನನಗೂ ಕೈ ರೂಢಿ, ಒಂದು ತಪ್ಪಿಲ್ಲದೆ ಜೋಡಿಸಿದೆ. ಸೀರೆ ನೋಡಬೇಕೆಂದರೆ ಗಿರಾಕಿ ನಲವತ್ತು ಹೆಸರು ದಾಟಿ ಕೆಳಗೆ ಹೋಗಬೇಕು.

ಹದಿನೈದು ದಿನಕ್ಕೆ ಅವರಿಗೆ ಮೊದಲ ಫೋನು ಬಂತು, ಶಿರಹಟ್ಟಿಯ ಹೆಣ್ಣುಮಗಳೊಬ್ಬರದು. ನಾನು ಖುಷಿಯಿಂದ ಅಂಗಡಿಗೆ ಓಡಿದೆ. ಅಣ್ಣನ ಮುಖ ಅರಳಿತ್ತು.

"ನಿಮ್ಮ ಜಾಹೀರಾತ ಕೆಲಸ ಮಾಡ್ತು ನೋಡ್ರಿ. ಪಟ್ಟಿಯೊಳಗ ಕಡೀ ಹೆಸರ ಐತೆಲ್ಲ, ನಮ್ಮ ಸಣ್ಣ ಕಾಕಾನ ಮಗಂದು, ಅವಗ ಹೆಣ್ಣ ಕೊಡ್ತಾರಂತ. ಮನಿತನಾ ಚಲೋ ಐತಿ."

"ಸೀರಿ?" ಎಂದು ಕೇಳಿದೆ.

"ಅವ್ರು ಯಾಕ ಕೊಳ್ತಾರ್ರಿ? ಸಂಬಂಧ ಕೂಡಿತಂದ್ರ ನಾವ ಕೊಡಬೇಕು."

ಗಂಟು ಬೀಳುವ ಗಾದಿ

ಯುಗಾದಿ ಹತ್ತಿರ ಬಂತು. ಉಳಿದವರು ಲಕ್ಷ್ಮೇಶ್ವರದ ಚಾಚಾ ಒಬ್ಬರೇ. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಸ್ಪಂಜಿನ ಗಾದಿ ಬಂದ ಮೇಲೆ ಅವರ ಕೆಲಸವೂ ನನ್ನ ಪ್ರೆಸ್ಸಿನ ಹಾಗೇ ಆಗಿತ್ತು. ನಾನು ಜೀವ ಒತ್ತೆಯಿಟ್ಟು ಬರೆದೆ: "ಒಮ್ಮೆ ಕೊಂಡರೆ ಮೂವತ್ತು ವರ್ಷ ಹೂವಿನಂಥ ಗಾದಿ."

ಚಾಚಾ ಚಷ್ಮಾ ಏರಿಸಿ ಓದಿದರು. "ಇದು ಸುಳ್ಳ. ಹತ್ತಿ ಗಾದಿ ಎರಡ ವರ್ಷಕ್ಕ ಗಂಟ ಬೀಳತೈತಿ. ಬಿಚ್ಚಿ, ಹಿಂಜಿ, ಮತ್ತ ಹೊಲೀಬೇಕು. ಅದನ್ನ ಬರೀರಿ."

"ಚಾಚಾ, ಜಾಹೀರಾತಿನ್ಯಾಗ ಯಾರರ ತಮ್ಮ ಮಾಲಿನ ಐಬ ಬರೀತಾರೇನ್ರಿ?"

"ನಾಳೆ ಗಿರಾಕಿ ಬಂದು ಕೇಳಿದ್ರ ಉತ್ತರಾ ಕೊಡಾಂವ ನಾನೋ, ನೀವೋ?"

ಪುಟದಲ್ಲಿ ಮೊದಲು ಫೋನ್ ನಂಬರು ಕೇಳುವುದೂ ಅವರಿಗೆ ಸರಿಬರಲಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ಮೊದಲು ಏನು ತ್ರಾಸು ಎಂದು ಕೇಳಬೇಕಂತೆ. ಹರ್ತಿಗೆ ಹೋಗುವುದು ಹೇಗೂ ಖಾತ್ರಿಯಾಗಿತ್ತು. ಸಿಟ್ಟಿನಲ್ಲೇ ಬರೆದೆ: "ನಿಮ್ಮ ಗಾದಿ ಗಂಟು ಬಿದ್ದಿದೆಯೆ? ಮನೆಗೇ ಬಂದು ಬಿಚ್ಚಿ, ಹಿಂಜಿ, ಹೊಲಿದು ಕೊಡುತ್ತೇವೆ. ನಿಮ್ಮ ತ್ರಾಸು ಏನೆಂದು ಬರೆಯಿರಿ."

ಯುಗಾದಿಗೆ ಎರಡು ದಿನ ಇದ್ದಾಗ ಚಾಚಾ ಪ್ರೆಸ್ಸಿಗೆ ಬಂದು ಚಹಾ ಕುಡಿಯುತ್ತಿದ್ದರು. ನನ್ನ ಫೋನು ಸದ್ದು ಮಾಡಿತು. ಅವರ ಪುಟದಲ್ಲಿ ಯಾರೋ ತ್ರಾಸು ಬರೆದಿದ್ದರು. "ಜೋರಾಗಿ ಓದ್ರಿ" ಎಂದರು ಚಾಚಾ. ಓದಿದೆ:

"ಎಡಗಡೆ ಚಲೋ ಐತಿ. ಬಲಗಡೆ ಪೂರಾ ತೆಗ್ಗು ಬಿದ್ದೈತಿ. ಆ ಕಡೆ ನಮ್ಮನಿಯವರು ಮಲಗ್ತಾರ. ಕೆಲಸಾ ಇಲ್ಲ, ಮಧ್ಯಾಹ್ನನೂ ಅಲ್ಲೇ ಇರ್ತಾರ. ಬಲಗಡೆ ಅಷ್ಟ ಬಿರುಸಾಗಿ ಹೊಲೀರಿ. ಸ್ವಲ್ಪ ಏಳಲಿ."

ಚಾಚಾ ನಕ್ಕು ನಕ್ಕು ಬಟ್ಟಲು ಕೆಳಗಿಟ್ಟರು. "ಪಾಪ ಆಕಿ. ಎಂಥಾ ಗಂಡನ್ನ ಕಟಗೊಂಡಾಳ. ಯಾವೂರಂತ್ರಿ?"

ಕೆಳಗೆ ನೋಡಿದೆ. ಊರು ಬೆಟಗೇರಿ. ನಂಬರು ನನಗೆ ಬಾಯಿಪಾಠ.

ಚಾಚಾ ಅವರ ಕೆಲಸ ಹಿಡಿದದ್ದನ್ನು ನಾನು ಹೆಂಡತಿಗೆ ಹೇಳಿಯೇ ಇರಲಿಲ್ಲ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವೂ ಆಯಿತು. ಮನೆಗೆ ಹೋಗಿ ಅವಳ ಮುಂದೆ ಫೋನು ಹಿಡಿದೆ. "ಈ ಪುಟ ಬರದಾಂವ ನಾ. ಇದು ಖರೆ ಆರ್ಡರ್ ಹೌದೋ ಅಲ್ಲೋ?"

ಅವಳು ತಾನು ಬರೆದದ್ದನ್ನು ಎರಡು ಸಲ ಓದಿದಳು. ಮುಖ ಕೆಂಪಾಯಿತು.

"ಹೌದು. ಹರ್ತಿಗೆ ಹೋಗೂದ ಬ್ಯಾಡ" ಎಂದಳು. ಆಮೇಲೆ ಫೋನು ವಾಪಸ್ ಕೊಡುತ್ತ, "ಆದ್ರ ಆ ಬಲಗಡೆದ್ದು ಬಿರುಸ ಮಾಡಾಕ ಮತ್ತೊಮ್ಮೆ ಹೇಳ್ರಿ ಅವ್ರಿಗೆ" ಎಂದಳು.