ಕಿಟಕಿಯ ಹೊರಗೆ ನಿಂತು ಮಾತಾಡಿದ್ದು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಕಟ್ಟಿದವನು ನನ್ನನ್ನು ನೋಡಿಯೇ ಕಟ್ಟಿರಬೇಕು. ಕೊಳ್ಳೇಗಾಲದ ಸುತ್ತಮುತ್ತ ರೇಷ್ಮೆ ಬೆಳೆಗಾರರಿಗೆ ತಿಳಿವಳಿಕೆ ಹೇಳುವುದೇ ನನ್ನ ನೌಕರಿಯಾಗಿತ್ತು. ಈಗ ನಿವೃತ್ತ. ಕೇಳುವವಳು ಹೆಂಡತಿಯೊಬ್ಬಳೇ, ಅವಳೂ ನಾನು ಬಾಯಿ ತೆರೆದ ಕೂಡಲೇ ಮಿಕ್ಸಿ ಹಾಕುತ್ತಾಳೆ. ಆದರೆ ನಾನು ಹೇಳುವುದೊಂದು, ಜನ ಹಿಡಿಯುವುದೊಂದು ಎಂಬ ಫಜೀತಿ ನಿನ್ನೆ ಮೊನ್ನೆಯದಲ್ಲ. ಸರ್ವೀಸಿನ ಕೊನೆಯ ವರ್ಷದ ಒಂದೇ ತಿಂಗಳಲ್ಲಿ ಎಷ್ಟಾಯಿತು ನೋಡಿ.

ಸೊಸೆಯ ಅಹವಾಲು

ಕಾಮಗೆರೆಯ ಹೆಣ್ಣುಮಗಳೊಬ್ಬಳು ಕಚೇರಿಗೆ ಬಂದಳು.

"ಸಾ, ಹುಳದ ಮನೆ ಕಿಟ್ಕಿಗೆಲ್ಲ ನಮ್ಮತ್ತೆ ಗೋಣಿಚೀಲ ಬಡ್ದವ್ರೆ. ದೃಷ್ಟಿ ಆಯ್ತದಂತೆ. ಗಾಳಿ ಇಲ್ದೆ ಉಳ ಬಾಡ್ತಾ ಅವೆ. ಈ ಬೆಳೆ ಗೆದ್ರೆ ಹುಳದ ಮನೆ ಬೀಗದ ಕೈ ನಂಗೆ, ಸೋತ್ರೆ ನಮ್ ಓರಗಿತ್ತಿಗೆ ಅಂದವ್ರೆ. ನೀವು ಬಂದು ಒಂದೇ ಒಂದು ಮಾತು ಏಳಿ ಸಾ."

ಜೀವಮಾನದಲ್ಲಿ ನನ್ನಿಂದ ಯಾರೂ ಅಷ್ಟು ಕಡಿಮೆ ಕೇಳಿರಲಿಲ್ಲ.

ಅರ್ಥವಾಯಿತೇ?

ಆಗಷ್ಟೇ ಮೈಸೂರಿನಲ್ಲಿ ಪರಿಣಾಮಕಾರಿ ಸಂವಹನದ ತರಬೇತಿ ಮುಗಿಸಿ ಬಂದಿದ್ದೆ. ಕಾಮಗೆರೆಯ ಅತ್ತೆ ಅಂದರೆ ದೊಡ್ಡ ಪರೀಕ್ಷೆ. ಮೊದಲು ಬೇರೆ ಕಡೆ ಕೈ ಪಳಗಿಸಿಕೊಳ್ಳೋಣ ಎಂದು ಹೊನ್ನೂರಿನ ಸಭೆಗೆ ಹೋದೆ. ಸೊಪ್ಪು, ಸುಣ್ಣ, ಗಾಳಿ, ಬೆಳಕು, ಒಂದು ಗಂಟೆ ಹೇಳಿದೆ. ಕೇಳುಗರಿಗೆ ಅರ್ಥವಾಯಿತೇ ಎಂದು ವಿಚಾರಿಸಬೇಕು ಅಂತ ತರಬೇತಿಯಲ್ಲಿ ಹೇಳಿದ್ದರು.

"ಅರ್ಥ ಆಯ್ತಾ?"

"ಆಯ್ತು ಸಾ!" ಇಡೀ ಜಗಲಿ ಕೂಗಿತು.

ಊರಿಗೆ ಬಂದ ಅತಿಥಿಗೆ ಇಲ್ಲ ಅನ್ನುವುದುಂಟೇ? ಅನುಮಾನ ಬಂದು ಮುಂದೆ ಕೂತಿದ್ದ ಹಿರಿಯರನ್ನು ಕೇಳಿದೆ, "ಏನು ಅರ್ಥ ಆಯ್ತು ಯಜಮಾನ್ರೇ?"

ಅವರು ಟವಲ್ಲು ಕೊಡವಿ ಎದ್ದು ನಿಂತರು. "ನೀವು ಬಲೇ ಒಳ್ಳೇವ್ರು ಅಂತ ಅರ್ಥ ಆಯ್ತು ಸಾ."

ಒಂದು ಗಂಟೆಗೆ ಒಂದು ವಾಕ್ಯ

ಜನರ ಭಾಷೆಯಲ್ಲೇ ಮಾತಾಡಿ ಎಂಬುದು ಎರಡನೆಯ ಪಾಠ. ಹನೂರಿನಾಚೆ ಗಡಿಯ ಹಳ್ಳಿಯೊಂದರಲ್ಲಿ ಅರ್ಧ ಊರು ತಮಿಳು. ಅಲ್ಲಿನ ಟೀ ಅಂಗಡಿಯವನನ್ನು ದುಭಾಷಿ ಮಾಡಿಕೊಂಡೆ. ನಾನು ಒಂದು ಗಂಟೆ ಹೇಳಿದೆ. ಅವನು ಎದ್ದು ತಮಿಳಿನಲ್ಲಿ ಒಂದೇ ವಾಕ್ಯ ಹೇಳಿ ಕೂತ. ಜನ ಗಾಬರಿಯಿಂದ ತಲೆಯಾಡಿಸಿ, ಆ ಕ್ಷಣವೇ ಹೋಗಿ ಹುಳದ ಮನೆಗೆ ಸುಣ್ಣ ಬಳಿಯತೊಡಗಿದರು!

"ಅದೇನು ಹೇಳಿದೆ ಮಾರಾಯ?"

"ಇವ್ರು ಏಳಿದ್ದು ಮಾಡ್ಬುಡಿ, ಇಲ್ಲಾಂದ್ರೆ ನಾಳೆ ತಿರ್ಗಾ ಬಂದು ಏಳ್ತಾರೆ ಅಂದೆ ಸಾ."

ಕಿಟಕಿ

ಈ ಎರಡು ಬಿರುದು ಹೊತ್ತು ಕಾಮಗೆರೆಗೆ ಹೋದೆ. ಹುಳದ ಮನೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ, ಅದು ನಮ್ಮ ಕಡೆಯ ಕಟ್ಟುಪಾಡು. ಸರಿ, ಗೋಣಿ ಬಡಿದ ಕಿಟಕಿಯ ಹೊರಗೇ ನಿಂತು ಶುರು ಮಾಡಿದೆ.

"ಅಮ್ಮಾ, ಹುಳಕ್ಕೆ ಗಾಳಿ ಬೇಕು!"

"ಏನಂದೇ? ಕೇಳಾಕಿಲ್ಲ!" ಒಳಗಿನಿಂದ ಅತ್ತೆ.

"ಕಿಟಕಿ ತೆಗೀಬೇಕು ಅಂದೆ!"

ಗೋಣಿ ಸರ್ರನೆ ಹೋಯಿತು, ಕಿಟಕಿ ಧಡಾರನೆ ತೆರೆಯಿತು. ಮುದುಕಿ ಕತ್ತು ಹೊರಗೆ ಹಾಕಿ, "ತೆಗೆಯಾಕಿಲ್ಲ, ಓಗಯ್ಯ!" ಅಂದಳು.

ಸೋತು ಹಿಂದಿರುಗಿದೆ. ದನದ ಕೊಟ್ಟಿಗೆಯ ಮರೆಯಲ್ಲಿ ಸೊಸೆ ಎರಡೂ ಕೈ ಆಡಿಸುತ್ತಿದ್ದಳು: "ನಿಲ್ಸಬ್ಯಾಡಿ ಸಾ! ಗಾಳಿ ಒಳಕ್ಕೆ ಓಯ್ತಾ ಅದೆ, ಮಾತಾಡ್ತಾನೇ ಇರಿ!"

ಆಗ ಹೊಳೆಯಿತು. ಎದುರುಗೋಡೆಯ ಕಿಟಕಿಗೆ ಹೋಗಿ ಕೂಗಿದೆ. ಅದನ್ನೂ ತೆರೆದು ಬೈದಳು. ಆಹಾ, ಗಾಳಿ ಈ ಕಡೆಯಿಂದ ಆ ಕಡೆಗೆ ಹರಿಯಿತು! ಹುಳ ಗೂಡು ಕಟ್ಟುವ ತನಕ ದಿನವೂ ಬೆಳಿಗ್ಗೆ ಸಂಜೆ ನನ್ನದೇ ಭಾಷಣ. ತೇವಾಂಶದ ವಿಷಯ ಮುಗಿಯಿತು, ಸೊಪ್ಪಿನ ವಿಷಯ ಮುಗಿಯಿತು, ನನ್ನ ಮದುವೆಯಲ್ಲಿ ಸಾರು ಸಾಲದೆ ಹೋದದ್ದನ್ನೂ ಹೇಳಿದೆ. ಮುದುಕಿ ಎಲ್ಲದಕ್ಕೂ "ಸುಳ್ಳು!" ಅನ್ನುತ್ತಾ ಕಿಟಕಿಯಲ್ಲೇ ನಿಂತಿರುತ್ತಿದ್ದಳು.

ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ತುಂಬ ಹಾಲುಬಿಳುಪಿನ ಗೂಡು. ಮುದುಕಿ ಊರಿಗೆಲ್ಲ ಸಾರಿದಳು: "ಆವಯ್ಯನ ಒಂದು ಮಾತೂ ಕೇಳ್ನಿಲ್ಲ ಕನವ್ವಾ, ಅದ್ಕೇ ಬೆಳೆ ಬಂತು!" ಬೀಗದ ಕೈ ಸೊಸೆಗೆ ಕೊಟ್ಟಳು, ಒಂದು ಷರತ್ತಿನ ಮೇಲೆ: "ಆವಯ್ಯ ಬಂದ್ರೆ ಮಾತ್ರ ಕಿಟ್ಕಿ ತೆಗೀಬ್ಯಾಡ."

ಮುಂದಿನ ಬೆಳೆಯ ಗತಿ? ತಿಂಗಳೆರಡು ಕಳೆದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸೊಸೆ ಸಿಕ್ಕಳು. ಬೀಗದ ಕೈ ಸೊಂಟದಲ್ಲೇ ಇತ್ತು.

"ಕಿಟಕಿ ಏನಾಯ್ತಮ್ಮಾ?"

"ಬೆಳಗಿಂದ ಬೈಗಿನ ಗಂಟ ತೆಗ್ದೇ ಅವೆ ಸಾ. ನೀವು ಬರೋದು ದೂರದಿಂದ್ಲೇ ಕಾಣ್ಬೇಕಲ್ವಾ, ಬಂದ್ರೆ ಮುಚ್ಚಾಕೆ ಅಂತ ಅತ್ತೆಗೆ ಏಳಿದ್ದೀನಿ. ಅವ್ರೇ ಕಿಟ್ಕಿ ಹತ್ರ ಕಾವಲು ಕೂತವ್ರೆ."

ಅಂದಿನಿಂದ ಹನೂರಿನ ಬಸ್ಸು ಹತ್ತಿದಾಗಲೆಲ್ಲ, ಕಾಮಗೆರೆ ಬಂತೆಂದರೆ ನಾನು ಸೀಟಿನ ಕೆಳಗೆ ಚಪ್ಪಲಿ ಹುಡುಕುವವನಂತೆ ಬಗ್ಗಿ ಕೂರುತ್ತೇನೆ. ಮುದುಕಿಯ ಕಣ್ಣಿಗೆ ಬಿದ್ದುಬಿಟ್ಟರೆ ಬೆಳೆ ಹೋಯಿತಲ್ಲ!