ಗಡಹಿಂಗ್ಲಜದಲ್ಲಿ ನಾಲ್ಕು ಖಂಡಗಳು

ನಿಯಮದ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಮೈದಾನಕ್ಕೆ ಇಳಿದವನ ಪಾಡು ಇಷ್ಟೇ: ಆ ಪುಸ್ತಕದಲ್ಲಿ ಬರೆಯದೇ ಬಿಟ್ಟದ್ದೆಲ್ಲ ಅವನ ಕಣ್ಣೆದುರೇ ನಡೆಯುತ್ತದೆ. ಫುಟ್‌ಬಾಲ್ ರೆಫರಿಯಾಗಿ ನಾನು ಕಂಡದ್ದು ಬಹಳ. ಆದರೆ ಎಂಬತ್ತೈದರ ದೀಪಾವಳಿ ರಜೆಯಲ್ಲಿ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ ಕಂಡಷ್ಟು ಬೇರೆಲ್ಲೂ ಇಲ್ಲ.

ವಾರದ ಆರು ದಿನ ಶಿರೋಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ತಿರಸ್ಕರಿಸುತ್ತಿದ್ದೆ. ರವಿವಾರ ಅದೇ ಕೆಲಸವನ್ನು ಸೀಟಿ ಹಿಡಿದು ಮಾಡುತ್ತಿದ್ದೆ. ನನ್ನನ್ನು ಕರೆಯಲು ಬಂದವರು ಗಡಹಿಂಗ್ಲಜದ ಪಂದ್ಯಾವಳಿ ಕಮಿಟಿಯ ಕಾರ್ಯದರ್ಶಿ, ಭೂಗೋಳ ಕಲಿಸುವ ಮಾಸ್ತರರು.

"ಹ್ವಾದ ವರ್ಷ ಫೈನಲ್‌ದಾಗ ನಮ್ಮವರೂ ಕೊಲ್ಹಾಪುರದವರೂ ಬಡದಾಡ್ಯಾರ್ರಿ," ಎಂದರು. "ಈ ಸಲ ಎರಡೂ ಕಡೆಯವರು ಒಬ್ಬರ ಮೈಮ್ಯಾಲ ಒಬ್ಬರು ಕೈ ಹಾಕಿದ್ರ ಮೈದಾನಕ್ಕ ಕೀಲಿ ಅಂತ ಫೌಜದಾರ ಸಾಹೇಬ್ರು ಹೇಳ್ಯಾರ. ಆಮ್ಯಾಲ ನಮ್ಮ ಊರಾಗ ಚೆಂಡಿನ ಆಟ ಮುಗೀತ್ರಿ."

"ಅದಕ್ಕ ನಾ ಏನ್ ಮಾಡಬೇಕು?"

"ನೀವು ಭಾಳ ಕಟ್ಟುನಿಟ್ಟು ಅಂತ ನಿಮ್ಮ ಕಾರಖಾನಿಯವರ ಹೇಳಿದ್ರು. ಬ್ಯಾಸತ್ತು ಹೇಳಿದ್ರು."

ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಯಾರ ಕೆಳಗೆ ಯಾರು

ಆ ವರ್ಷ ಮರಾಠಿ ಪತ್ರಿಕೆಯ ಮೂಲೆಯಲ್ಲೊಂದು ಸುದ್ದಿ ಬಂದಿತ್ತು. ಯುರೋಪಿನ ಚಾಂಪಿಯನ್ ಫ್ರಾನ್ಸ್, ದಕ್ಷಿಣ ಅಮೆರಿಕದ ಚಾಂಪಿಯನ್ ಉರುಗ್ವೆ, ಎರಡೂ ಒಂದೇ ಕಪ್ಪಿಗಾಗಿ ಪ್ಯಾರಿಸ್‌ನಲ್ಲಿ ಆಡಿದವಂತೆ. ಮಾಸ್ತರರಿಗೆ ಇದು ಅರೆಬರೆ ಕೆಲಸವಾಗಿ ಕಂಡಿತು. "ಅವರು ಎರಡ ಖಂಡ ಕರದಾರ. ನಾವು ಏಷ್ಯಾ, ಆಫ್ರಿಕಾನೂ ಕರಿಯೂಣು," ಎಂದು ನಾಲ್ಕು ಊರಿನ ತಂಡಗಳಿಗೆ ನಾಲ್ಕು ಖಂಡಗಳ ಚಾಂಪಿಯನ್ ದೇಶದ ಹೆಸರಿಡಲು ನಿರ್ಧರಿಸಿದರು. ಊರಿನ ಹೆಸರು ಇಲ್ಲದಿದ್ದರೆ ಊರ ಜಗಳವೂ ಇರುವುದಿಲ್ಲ ಎಂಬುದು ಅವರ ಲೆಕ್ಕ.

ಶಾಲೆಯ ಕೋಣೆಯಲ್ಲಿ ಚೀಟಿ ಎತ್ತಿದರು. ಗಡಹಿಂಗ್ಲಜಕ್ಕೆ ಫ್ರಾನ್ಸ್ ಬಂತು, ಇಚಲಕರಂಜಿಗೆ ಕ್ಯಾಮರೂನ್. ವರ್ಷದ ನಾಲ್ಕು ತಿಂಗಳು ಮಳೆಗೆ ಕಂಬಳಿಯೊಳಗಿಂದ ಹೊರಬರದ ಚಂದಗಡದವರಿಗೆ ಸೌದಿ ಅರೇಬಿಯಾ. "ಮಳಿ ಇಲ್ಲದ ದೇಶ ಏನ್ರಿ? ಹಂಗಾರ ಛತ್ರಿ ತರೂದು ಬ್ಯಾಡ," ಎಂದು ಅವರ ಕ್ಯಾಪ್ಟನ್ ಸಂತೋಷಪಟ್ಟ. ಕೊಲ್ಹಾಪುರದ ತಾಲೀಮಿನವರಿಗೆ, ಅಂದರೆ ಗರಡಿಮನೆಯ ತಂಡಕ್ಕೆ, ಉಳಿದದ್ದು ಉರುಗ್ವೆ.

ಅವರ ಕ್ಯಾಪ್ಟನ್, ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲಿಸಬಲ್ಲ ಪೈಲವಾನ, ಚೀಟಿ ಕೆಳಗಿಟ್ಟ. "ನಾವು ಬ್ರಾಝಿಲ್. ನಮ್ಮ ಪೇಟೆಯ ಗ್ವಾಡಿಗೆಲ್ಲಾ ಬ್ರಾಝಿಲ್ ಬಣ್ಣಾನ ಹಚ್ಚೇವಿ."

"ಈ ಸಲ ಆ ಖಂಡದಾಗ ಗೆದ್ದದ್ದು ಉರುಗ್ವೆನಪಾ," ಎಂದರು ಮಾಸ್ತರರು.

"ಎಲ್ಲೈತಿ ಅದು?"

ಮಾಸ್ತರರು ಗೋಡೆಯ ನಕಾಶೆಯ ಮೇಲೆ ಕೋಲು ಇಟ್ಟರು. "ಇದು ಬ್ರಾಝಿಲ್. ಇದರ ಕೆಳಗ ಉರುಗ್ವೆ."

"ನಮ್ಮ ತಾಲೀಮು ಯಾರ ಕೆಳಗೂ ಇರೂದಿಲ್ಲ!" ಎಂದು ಪೈಲವಾನ ಎದ್ದೇಬಿಟ್ಟ. ಅವನ ಹಿಂದೆ ಹತ್ತು ಜನ ಎದ್ದರು.

ಮಾಸ್ತರರು ನಕಾಶೆಯನ್ನು ಮೊಳೆಯಿಂದ ಬಿಚ್ಚಿ ತಲೆಕೆಳಗಾಗಿ ತೂಗುಹಾಕಿದರು. "ಈಗ ನೋಡ್ರಿ."

ಪೈಲವಾನ ಹತ್ತಿರ ಹೋಗಿ ನೋಡಿ, "ಹಾಂ, ಈಗ ಬರೋಬರ್ ಆತು," ಎಂದು ಕುಳಿತ.

ನಾನು ಆಕ್ಷೇಪ ಎತ್ತಿದೆ. ಗೆರೆಯೊಳಗಿನದು ಮಾತ್ರ ರೆಫರಿಯ ಅಧಿಕಾರ, ಭೂಗೋಳ ತಮ್ಮದು ಎಂದರು ಮಾಸ್ತರರು. ರಜೆ ಮುಗಿದ ಮೇಲೂ ನಕಾಶೆ ಹಾಗೆಯೇ ಇತ್ತಂತೆ. ಆ ವರ್ಷದ ಪರೀಕ್ಷೆಯಲ್ಲಿ ಆರನೇ ಇಯತ್ತೆಯವರು ಅರ್ಧ ಜನ ಹಿಮಾಲಯವನ್ನು ಭಾರತದ ದಕ್ಷಿಣಕ್ಕೆ ಇಳಿಸಿದ್ದರು.

ಫೋಟೋದಲ್ಲಿ ಇದ್ದ ಹಾಗೆ

ನಾಲ್ಕೂ ತಂಡದ ಜರ್ಸಿ ತಾನೇ ಕೊಡುತ್ತೇನೆಂದು ಇಚಲಕರಂಜಿಯ ಒಬ್ಬ ಮಗ್ಗದ ಮಾಲೀಕ ಮುಂದೆ ಬಂದ. ನೇಯ್ಗೆಯಲ್ಲಿ ಅವನದು ನನ್ನಂಥದೇ ಶಿಸ್ತು. ಮಾದರಿ ಏನಿದೆಯೋ ಅದೇ ಬರಬೇಕು. ಮಾಸ್ತರರು ಪತ್ರಿಕೆಯಿಂದ ಕತ್ತರಿಸಿದ ನಾಲ್ಕು ದೇಶದ ಆಟಗಾರರ ಫೋಟೋ ಅವನಿಗೆ ಕಳಿಸಿದರು.

ಮೊದಲ ದಿನ ಗಂಟು ಬಿಚ್ಚಿದೆವು. ನಾಲ್ಕೂ ತಂಡದ ಜರ್ಸಿ ಬೂದಿ ಬಣ್ಣ.

"ಇದೇನ್ರಿ?" ಎಂದೆ.

"ಫೋಟೋದಾಗ ಇದ್ದಂಗ ಮಾಡೇನ್ರಿ ಸಾಹೇಬ್ರ. ಒಂದೆಳಿ ಫರಕ ತೋರಸ್ರಿ ನೋಡೂಣು."

"ಫೋಟೋ ಕಪ್ಪು ಬಿಳುಪಿನದು!"

"ಅದಕ್ಕ ಕಪ್ಪು ನೂಲಿಗೆ ಬಿಳಿ ನೂಲು ಕೂಡಿಸಿ ನೇಯ್ದೇನಿ. ಫ್ರಾನ್ಸ್ ಸ್ವಲ್ಪ ಗಾಢ ಐತಿ, ಬಿಸಿಲಾಗ ಹಿಡದು ನೋಡ್ರಿ."

ಬಿಸಿಲಿಗೆ ಹಿಡಿದು ನೋಡಿದೆ. ಗಾಢ ಇತ್ತು. ಆದರೆ ಓಡುವವನನ್ನು ಬಿಸಿಲಿಗೆ ಹಿಡಿಯುವುದು ಹೇಗೆ? ಅಂದು ಕೊಲ್ಹಾಪುರಕ್ಕೂ ಇಚಲಕರಂಜಿಗೂ ಸೆಮಿಫೈನಲ್. ಎರಡರಲ್ಲಿ ಒಂದು ತಂಡ ಬಣ್ಣ ಬದಲಿಸದೆ ಸೀಟಿ ಊದುವುದಿಲ್ಲ ಎಂದೆ. ಕೊಲ್ಹಾಪುರದವರ ಬಳಿ ಇದಕ್ಕೆ ಉಪಾಯವಿತ್ತು. ಗೆದ್ದ ಮೇಲೆ ಎರಚಲು ಅವರು ಎಲ್ಲಿಗೆ ಹೋದರೂ ಗುಲಾಲಿನ ಮೂಟೆ ಒಯ್ಯುತ್ತಾರೆ. ಅದನ್ನು ಅಲ್ಲಿಯೇ ಬಿಚ್ಚಿ ಹನ್ನೊಂದು ಜನಕ್ಕೆ ಸುರಿದರು. ಗುರುತು ಸ್ಪಷ್ಟವಾಯಿತು.

ಇಚಲಕರಂಜಿಯವರು ಮೈದಾನಕ್ಕೆ ಇಳಿಯಲಿಲ್ಲ. ಅವರ ಕ್ಯಾಪ್ಟನ್ ಮಗ್ಗ ರಿಪೇರಿ ಮಾಡುವ ಜಾಬರ್, ಎಳೆ ಎಳೆಯಾಗಿ ಯೋಚಿಸುವವನು. "ಗುಲಾಲ ಗೆದ್ದ ಮ್ಯಾಲ ಹಾಕ್ಕೊಳ್ಳೂದು. ಇವರು ಈಗ ಹಾಕ್ಕೊಂಡಾರ, ಹಾಕ್ಕೋ ಅಂತ ರೆಫರಿನ ಹೇಳ್ಯಾರ. ಹಂಗಾರ ನಾವು ಆಡಿ ಏನ್ ಮಾಡೂದು?"

ಅವನ ತರ್ಕದಲ್ಲಿ ದೋಷ ಕಾಣಲಿಲ್ಲ. ಸಮಾಧಾನಕ್ಕೆ ಅವರಿಗೂ ಒಂದೊಂದು ಹಿಡಿ ಗುಲಾಲು ಹಚ್ಚಿದರು. ಪಂದ್ಯ ಶುರುವಾದಾಗ ಇಪ್ಪತ್ತೆರಡೂ ಜನ ಗುಲಾಬಿ. ಕೊನೆಗೆ ಕೊಲ್ಹಾಪುರದವರು ಅಂಗಿ ಕಳಚಿ ಆಡಿದರು. ಗೆದ್ದದ್ದೂ ಅವರೇ. ಆದರೆ ಗೆದ್ದಾಗ ಎರಚಲು ಗುಲಾಲು ಉಳಿದಿರಲಿಲ್ಲ, ಸೋತವರ ಜರ್ಸಿ ಝಾಡಿಸಿ ತೆಗೆದುಕೊಂಡರು.

ಯಾವುದು ಹಳೆಯದು

ಕಪ್ ಕೊಡುವ ಹಿರಿಯರು ಜೈನರು, ಬಟ್ಟೆ ಅಂಗಡಿಯವರು. ಊರೆಲ್ಲ ಅವರನ್ನು ಅಣ್ಣಾ ಅನ್ನುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅವರು ಹನಿ ನೀರನ್ನೂ ಮುಟ್ಟುವುದಿಲ್ಲ. ಎರಡನೇ ಸೆಮಿಫೈನಲ್ಲಿನ ನಡುವಿನ ವಿರಾಮದಲ್ಲಿ ನನ್ನ ಬಳಿ ಬಂದರು.

"ಸಾಹೇಬ್ರ, ಮುಂದಿನ ಅರ್ಧ ಮೂವತ್ತು ಮಿನಿಟಿಗೆ ಮುಗಸ್ರಿ. ಊಟ ತಪ್ಪತೈತಿ."

"ನಲವತ್ತೈದು ಅಂತ ಪುಸ್ತಕದಾಗ ಐತ್ರಿ ಅಣ್ಣಾ. ನಾ ಬದಲಸೂ ಹಂಗಿಲ್ಲ."

"ಮುಳುಗೂ ವ್ಯಾಳ್ಯಾ ಪಂಚಾಂಗದಾಗ ಐತಿ. ಸೂರ್ಯನೂ ಬದಲಸೂದಿಲ್ಲ. ಎರಡರಾಗ ಯಾವುದು ಹಳೇದು, ನೀವ ಹೇಳ್ರಿ."

ನಾನು ಸೀಟಿ ಊದಿ ಎರಡನೇ ಅರ್ಧ ಶುರು ಮಾಡಿದೆ. ಅಣ್ಣಾ ಮೈದಾನದ ಗೆರೆಯ ಹೊರಗೆ ಚಾಪೆ ಹಾಸಿಸಿ, ಮನೆಯಿಂದ ಬುತ್ತಿ ತರಿಸಿ, ಪಂದ್ಯ ನೋಡುತ್ತಲೇ ಉಂಡರು. ಚಂದಗಡದ ಒಬ್ಬ ಗೆರೆಗೆ ಬಂದು ಚೆಂಡು ಎಸೆದವನು, ಅವರು "ಬಾ ತಮ್ಮಾ, ಒಂದು ತುತ್ತು" ಎಂದದ್ದಕ್ಕೆ ಕುಳಿತೇಬಿಟ್ಟ. ಅವನ ಕಡೆಯವರು ಹತ್ತೇ ಜನ ಇದ್ದಾಗ ಗಡಹಿಂಗ್ಲಜ ಗೋಲು ಹೊಡೆದು ಫೈನಲಿಗೆ ಹೋಯಿತು. ಚಂದಗಡದವರು ದೂರು ಕೊಡಲಿಲ್ಲ. ಹೋಳಿಗೆ ಇತ್ತಂತೆ.

ಒಮ್ಮತ

ಫೈನಲ್ ಕೊಲ್ಹಾಪುರಕ್ಕೂ ಗಡಹಿಂಗ್ಲಜಕ್ಕೂ. ಹೋದ ವರ್ಷ ಬಡಿದಾಡಿದವರೇ ಎದುರು ಬದುರು. ಫೌಜದಾರರು ಪೊಲೀಸ್ ಜೀಪು ತಂದು ಮೂಲೆಯಲ್ಲಿ ನಿಲ್ಲಿಸಿದರು. ಮಾಸ್ತರರು ಅವರ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತರು.

ತೊಂಬತ್ತು ನಿಮಿಷ ಮುಗಿದರೂ ಸಮ. ಹೆಚ್ಚಿನ ಅರ್ಧ ಗಂಟೆಯೂ ಸಮ. ಪೆನಾಲ್ಟಿ ಹೊಡೆತಕ್ಕೆ ಬಂತು. ಚೆಂಡು ಒದೆಯುವವರೆಗೆ ಗೋಲ್‌ಕೀಪರ್ ಕಾಲು ಅಲುಗಿಸಬಾರದು, ಇದು ನಿಯಮ. ನಮ್ಮ ಕಡೆ ಈ ನಿಯಮ ಯಾರೂ ಕೇಳಿರಲಿಲ್ಲ.

ಗಡಹಿಂಗ್ಲಜದ ಕೀಪರ್ ಮೊದಲ ಹೊಡೆತ ತಡೆದ. ಊರು ಕುಣಿಯಿತು. ನಾನು ಸೀಟಿ ಊದಿದೆ: ಕಾಲು ಅಲುಗಿದೆ, ಮತ್ತೆ ಹೊಡೆಯಿರಿ.

"ಅಲುಗಿಸದ ಹೆಂಗ ಹಾರ್ಲಿ? ನಾ ಏನ್ ಬುರುಜು ಏನ್ರಿ?" ಎಂದ ಕೀಪರ್.

ಮುಂದಿನ ಸರದಿ ಕೊಲ್ಹಾಪುರದ ಕೀಪರನದು. ಅವನೂ ತಡೆದ, ನಾನೂ ಊದಿದೆ. "ಕಾಯ್ ರಾವ್! ಮಾಣೂಸ್ ಆಹೆ ಕೀ ಖಾಂಬ್?" ಎಂದ. ತಾನು ಮನುಷ್ಯನೋ ಕಂಬವೋ ಎಂಬ ಅದೇ ಸಂದೇಹ, ಮರಾಠಿಯಲ್ಲಿ.

ತಡೆದದ್ದೆಲ್ಲ ರದ್ದು. ಹೊರಗೆ ಹೋದದ್ದೂ ಅದೇ ಕಾರಣಕ್ಕೆ ವಾಪಸ್. ಹೀಗಾಗಿ ಯಾರೂ ಸೋಲಲೊಲ್ಲರು. ಹನ್ನೊಂದೂ ಜನ ಹೊಡೆದು ಮುಗಿದು, ಮೊದಲಿನಿಂದ ಮತ್ತೆ ಶುರುವಾಯಿತು. ಚೆಂಡು ಕಾಣದಷ್ಟು ಮಬ್ಬಾದಾಗ ಪಂದ್ಯ ನಿಲ್ಲಿಸಿ, ಕಪ್ ಯಾರಿಗೂ ಇಲ್ಲ ಎಂದು ತೀರ್ಪು ಕೊಟ್ಟೆ.

ಎರಡೂ ಕಡೆಯ ಜನ ಒಟ್ಟಿಗೆ ಗೆರೆ ದಾಟಿ ಬಂದರು. ಓಡುವುದು ರೆಫರಿಗೆ ಶೋಭೆಯಲ್ಲ. ಜೀಪಿನವರೆಗೆ ಬಹಳ ವೇಗವಾಗಿ ನಡೆದೆ.

ಫೌಜದಾರರು ಕೇಳಿದರು, "ಮಾಸ್ತರ, ಜಗಳ ಸುರು ಆತಲ್ಲ? ಕೀಲಿ ಹಾಕಲಿ?"

ಮಾಸ್ತರರು ಮೈದಾನದ ಕಡೆ ಕೈ ತೋರಿಸಿದರು. "ಜಗಳ ಎಲ್ಲೈತ್ರಿ? ನೋಡ್ರಲಾ."

ನೋಡಿದೆವು. ಪೈಲವಾನನೂ ಗಡಹಿಂಗ್ಲಜದ ಕ್ಯಾಪ್ಟನ್ನೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ನನ್ನನ್ನು ಬೈಯುತ್ತಿದ್ದರು. ಗಡಹಿಂಗ್ಲಜದವನಿಗೆ ಕನ್ನಡದ ಬೈಗುಳ ಸಾಲದಾದಾಗ ಪೈಲವಾನ ಮರಾಠಿಯಿಂದ ಒದಗಿಸುತ್ತಿದ್ದ. ಹೋದ ವರ್ಷ ತಲೆ ಒಡೆಸಿಕೊಂಡವನಿಗೆ ಒಡೆದವನೇ ನೀರು ಕುಡಿಸಿ, "ದಮ್ ತಗೊಂಡು ಬೈಯ್ಯೋ ಅಣ್ಣಾ, ಗಂಟಲ ಹೋದೀತು" ಎನ್ನುತ್ತಿದ್ದ.

ಫೌಜದಾರರು ಡೈರಿ ತೆಗೆದು ಬರೆದುಕೊಂಡರು: ಎರಡು ತಂಡಗಳ ನಡುವೆ ಭಿನ್ನಾಭಿಪ್ರಾಯ ಇಲ್ಲ. "ಮೈದಾನ ನಿಮ್ಮದ ಮಾಸ್ತರ. ಆಡ್ರಿ."

ಆಮೇಲೆ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಸ್ ನಿಲ್ದಾಣದ ಕಡೆ ಹೊರಟರು. ದಾರಿಯಲ್ಲಿ ಬಹಳ ಗೌರವದಿಂದ ಕೇಳಿದರು:

"ಸಾಹೇಬ್ರ, ನಮ್ಮ ಹದ್ದಿನಾಗ ಎರಡು ಹಳ್ಳಿ ಕಾಲುವಿ ನೀರಿನ ಸಲುವಾಗಿ ಮೂರು ವರ್ಷದಿಂದ ಕೊಡಲಿ ಹಿಡದು ನಿಂತಾವ. ಬರೂ ರವಿವಾರ ಪುರಸೊತ್ತು ಇದ್ರ, ಬಂದು ಒಂದು ನಿರ್ಣಯ ಕೊಟ್ಟು ಹೋಗ್ರಿ. ಜೀಪು ಚಾಲೂ ಇಟ್ಟಿರತೇನಿ."