ರೇಸಿನ ಪ್ಯಾಡು ಮತ್ತು ನಮ್ಮ ಅತ್ತೆಯವರು

ಕಾರಿಗೆ ಬ್ರೇಕ್ ಪ್ಯಾಡ್ ಆರಿಸುವುದು ಕಷ್ಟದ ಕೆಲಸವೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿರಲಿಲ್ಲ. ಬಾಲಾನಗರದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೂತೇ ನನ್ನ ಕೂದಲು ಹಣ್ಣಾಗಿದೆ. ಬೋಲ್ಟು, ಬೇರಿಂಗು, ಗ್ರೀಸು ಎಲ್ಲವನ್ನೂ ನೋಡಿ, ಮುಟ್ಟಿ, ಮೂಸಿ ಕೊಂಡವನು ನಾನು. ಅಂಗೈಯಷ್ಟು ಅಗಲದ ಒಂದು ಪ್ಯಾಡು ನನ್ನನ್ನು ಏನು ಮಾಡೀತು?

ಏನು ಮಾಡಿತು ಎಂಬುದನ್ನು, ಕಂಡದ್ದನ್ನು ಕಂಡಂತೆ, ನಡೆದ ಕ್ರಮದಲ್ಲೇ ಹೇಳುತ್ತೇನೆ. ನೆನಪು ಸ್ಥಿರವಾಗಿದೆ.

ಮೊದಲು ಕಾರಿನ ವಿಷಯ. ಕೆಂಪು ಬಣ್ಣ, ಸೆಕೆಂಡ್ ಹ್ಯಾಂಡು, ನೆಲಕ್ಕೆ ಬಹಳ ಹತ್ತಿರ. ಅದರೊಳಗೆ ಕೂರುವುದು ಊಟದ ಮಣೆಯ ಮೇಲೆ ಕೂತಂತೆ. ಏಳುವುದು ಹೋಳಿಗೆ ಜಾಸ್ತಿಯಾದ ಮೇಲೆ ಆ ಮಣೆಯಿಂದ ಎದ್ದಂತೆ. ಸ್ಟಾರ್ಟ್ ಮಾಡಿದರೆ ಸೈಲೆನ್ಸರು ಗುಡುಗುತ್ತದೆ. ಅದನ್ನು ಮನೆಗೆ ತಂದ ದಿನ ನನ್ನ ಹೆಂಡತಿ ಶಾಂತಾ ಬಾಗಿಲಲ್ಲೇ ನಿಂತು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದಳು.

"ರೀ, ಈ ಗಾಡಿ ಹುಡುಗೂರದಲ್ಲೇನ್ರಿ?"

"ಹೌದು. ಓಡಿಸಾಂವ ಅನುಭವಸ್ಥ," ಎಂದೆ.

ಅವಳು ನಗಲಿಲ್ಲ. ಒಂದು ಷರತ್ತು ಹಾಕಿದಳು. ಸಂಕ್ರಾಂತಿಗೆ ಅವಳ ತಾಯಿ ಕಲಬುರಗಿಯಿಂದ ಬರುವವರಿದ್ದರು. ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನ ನೋಡಬೇಕು, ಒಂದು ಕಂಬಳಿ ಕೊಳ್ಳಬೇಕು ಎಂಬುದು ಅವರ ಆಸೆ.

"ಅವ್ವ ಈ ಕಾರಿನಾಗ ಕೂತು, ಛಲೋ ಐತಿ ಅಂತ ತನ್ನ ಬಾಯಿಲೆ ಅಂದ್ರ ಗಾಡಿ ಇರ್ಲಿ. ಇಲ್ಲಂದ್ರ ತಂದಲ್ಲೇ ಬಿಟ್ಟು ಬರ್ರಿ. ನಾ ಮತ್ತ ಮಾತಾಡಂಗಿಲ್ಲ."

ಶಾಂತಾ ಮತ್ತೆ ಮಾತನಾಡುವುದಿಲ್ಲ ಎಂದರೆ ನಿಜಕ್ಕೂ ಮಾತನಾಡುವುದಿಲ್ಲ. ಹೀಗಾಗಿ ನನ್ನ ಕೆಂಪು ಕಾರಿನ ಹಣೆಬರಹ ಅತ್ತೆಯವರ ಬಾಯಲ್ಲಿತ್ತು. ನಾನು ಹೆದರಲಿಲ್ಲ. ಒಂದೇ ಕೊರತೆ ಎಂದರೆ ಮುಂದಿನ ಬ್ರೇಕ್ ಪ್ಯಾಡುಗಳು ಸವೆದಿದ್ದವು. ಕಂಪನಿಯವರದೇ ಸಾದಾ ಪ್ಯಾಡ್ ಹಾಕಿದರೆ ಸಾಕೆಂದು ಸರ್ವಿಸ್‌ನವರು ಹೇಳಿದರು. ಸಾದಾ! ಪೈಲ್ವಾನನಿಗೆ ಗಂಜಿ ಕುಡಿಸಿ ಅಖಾಡಕ್ಕೆ ಕಳಿಸುತ್ತಾರೆಯೇ?

ಕೋಠಿಯ ಹತ್ತಿರ ಬಿಡಿಭಾಗಗಳ ಅಂಗಡಿಗಳ ಒಂದು ಗಲ್ಲಿ ಇದೆ. ಅಲ್ಲಿಗೆ ಹೋದೆ. ಗಲ್ಲೆಯ ಮೇಲೆ ಕೂತಿದ್ದ ಭಾಯ್ ಮೂರು ಬಗೆಯ ಪ್ಯಾಡುಗಳನ್ನು ಮುಂದಿಟ್ಟರು. ಒಂದು ದಿನಬಳಕೆಯದು, ಒಂದು ಅದಕ್ಕಿಂತ ಗಟ್ಟಿ, ಮೂರನೆಯದು ರೇಸಿನದು. ಆಮೇಲೆ ಬಹಳ ವಿನಯದಿಂದ ಕೇಳಿದರು: "ಸಾಬ್, ಗಾಡಿ ಕಹಾಂ ಚಲಾತೇ ಆಪ್?"

ನಾನು ಗಾಡಿ ಓಡಿಸುವುದು ಮನೆಯಿಂದ ಬಾಲಾನಗರಕ್ಕೆ, ಸಿಟಿ ಬಸ್ಸಿನ ಹಿಂದೆ, ಎರಡನೇ ಗೇರಿನಲ್ಲಿ. ಆದರೆ ಸುತ್ತ ಗಿರಾಕಿಗಳು ನಿಂತಿದ್ದರು. ಅವರೆದುರು ಹಾಗೆ ಹೇಳಲು ನಾಲಗೆ ಏಳಲಿಲ್ಲ.

"ಔಟರ್ ರಿಂಗ್ ರೋಡ್," ಎಂದೆ. "ಫುಲ್ ಸ್ಪೀಡ್!"

ಭಾಯ್ ನನ್ನ ತಲೆಗೂದಲು ನೋಡಿದರು. ಗೌರವದಿಂದ ಮೂರನೆಯ ಡಬ್ಬಿ ಸರಿಸಿದರು. "ತೋ ಫಿರ್ ಯೈಚ್ ಲೇವ್ ಸಾಬ್!"

ಎಷ್ಟು ಶಾಖದವರೆಗೆ ಕೆಲಸ ಮಾಡುತ್ತದೆ ಎಂಬುದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಉಳಿದೆರಡಕ್ಕಿಂತ ಅದು ಬಹಳ ಹೆಚ್ಚು. ಹೆಚ್ಚು ಕಾವು ತಡೆಯುವುದೇ ಒಳ್ಳೆಯದು. ರೊಟ್ಟಿಯ ಹಂಚಿಗೂ ಅದೇ ನಿಯಮ, ಮನೆಯ ಅಳಿಯನಿಗೂ ಅದೇ ನಿಯಮ. ಆದರೆ ಆ ಪ್ಯಾಡು ಕಾವನ್ನು ತಡೆಯುತ್ತದೆ ಅಷ್ಟೇ ಅಲ್ಲ, ಕಾವಿಲ್ಲದಿದ್ದರೆ ಹಿಡಿಯುವುದೇ ಇಲ್ಲ ಎಂಬುದು ಮುಂದಿನ ಸಾಲಿನಲ್ಲಿತ್ತು. ಮುಂದಿನ ಸಾಲನ್ನು ನಾನು ಓದಲಿಲ್ಲ!

ಮಿಸ್ತ್ರಿ ಅಂಗಡಿಯ ಮುಂದೆಯೇ ಪ್ಯಾಡು ಕೂರಿಸಿದ. ಮನೆಗೆ ಬಂದು, ಚಕ್ರದ ಸಂದಿಯಲ್ಲಿ ಕಾಣುವ ಬ್ರೇಕಿನ ಇಕ್ಕಳಕ್ಕೆ ನಾನೇ ಕೈಯಾರೆ ಕೆಂಪು ಬಣ್ಣ ಹಚ್ಚಿದೆ. ನೋಡಲು ಬಹಳ ಶೋಭಿಸಿತು.

ಮರುದಿನ ಕಾಲನಿಯ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕಾರು ಕಿರುಚಿತು. ಕಾರಿನ ದನಿಯಲ್ಲಿ ಅಲ್ಲ, ಬಾಲ ತುಳಿಸಿಕೊಂಡ ಪ್ರಾಣಿಯ ದನಿಯಲ್ಲಿ. ಪಕ್ಕದ ಮನೆಯ ಸತ್ಯಂ ಗಾರು ಬನಿಯನ್ನಿನಲ್ಲೇ ಹೊರಗೆ ಓಡಿಬಂದರು.

"ಏಮಂಡೀ! ಕುಕ್ಕನು ತೊಕ್ಕಿಂಚಾರಾ?"

ನಾಯಿಯ ಮೇಲೆ ಹತ್ತಿಸಿದಿರಾ ಎಂದು ಅವರ ಪ್ರಶ್ನೆ. ಇದು ರೇಸಿನ ಪ್ಯಾಡು, ಹೀಗೆಯೇ ಮಾತನಾಡುತ್ತದೆ ಎಂದು ವಿವರಿಸಿದೆ. ಅವರು ನಂಬದೆ ಬಗ್ಗಿ ಕಾರಿನ ಕೆಳಗೆ ನಾಯಿಯನ್ನು ಹುಡುಕಿದರು.

ಸದ್ದು ದೊಡ್ಡದು, ಹಿಡಿತ ಸಣ್ಣದು. ಎಷ್ಟು ಒತ್ತಿದರೂ ಕಾರು ಎಲ್ಲಿ ನಿಲ್ಲಬೇಕೋ ಅಲ್ಲಿಂದ ಒಂದು ಮನೆ ಮುಂದೆ ನಿಲ್ಲುತ್ತಿತ್ತು. ಆಗ ಆ ಡಬ್ಬಿ ತೆಗೆದು ಮುಂದಿನ ಸಾಲು ಓದಿದೆ. ಚಿಂತೆಯಿಲ್ಲ, ಬಳಸುವ ಮೊದಲು ಬ್ರೇಕನ್ನು ಕಾಯಿಸಿಕೊಂಡರಾಯಿತು! ಬಚ್ಚಲ ನೀರು ಕಾಯಿಸಿಕೊಳ್ಳುವುದಿಲ್ಲವೇ?

ಅತ್ತೆಯವರು ಬಂದರು, ನುಮಾಯಿಷಿಗೆ ಹೊರಡುವ ದಿನವೂ ಬಂತು. ಅತ್ತೆಯವರು ಸ್ನಾನಕ್ಕೆ ನೀರು ಬಿಟ್ಟುಕೊಂಡಿದ್ದರು. ನಾನು ಕಾರು ತೆಗೆದೆ. ನಮ್ಮ ಕಾಲನಿಯ ರಸ್ತೆ ಇಳಿಜಾರು. ಅದರ ತುದಿಗೆ ಕಬ್ಬಿಣದ ಗೇಟು, ಗೇಟಿನಾಚೆ ಬಸ್ಸು ಲಾರಿಗಳ ದೊಡ್ಡ ರಸ್ತೆ. ಕಾರನ್ನು ಜೋರಾಗಿ ಇಳಿಸುವುದು, ಬ್ರೇಕ್ ಒತ್ತುವುದು, ತಿರುಗಿಸಿ ಮತ್ತೆ ಮೇಲೆ ಬರುವುದು. ನಾನು ಬಂದಾಗಲೆಲ್ಲ ವಾಚ್‌ಮನ್ ಮಲ್ಲೇಶ ಚಹಾ ಕೆಳಗಿಟ್ಟು, ಎದ್ದು, ಸಲಾಮು ಹೊಡೆದು ಗೇಟು ತೆಗೆಯುತ್ತಿದ್ದ. ನಾನು ತಿರುಗಿ ಹೋಗುತ್ತಿದ್ದೆ. ಅವನು ಗೇಟು ಮುಚ್ಚುತ್ತಿದ್ದ. ಕೊನೆಗೆ ಬ್ರೇಕು ಚೆನ್ನಾಗಿ ಕಾಯ್ದು ಗಕ್ಕನೆ ಹಿಡಿಯಿತು. ಮಲ್ಲೇಶನ ಚಹಾ ಆರಿ ತಣ್ಣಗಾಯಿತು.

ಗೆದ್ದೆ ಎಂದುಕೊಂಡು ಮನೆಯ ಮುಂದೆ ಬಂದರೆ ಅತ್ತೆಯವರು ಆರತಿ ತಟ್ಟೆ ಹಿಡಿದು ನಿಂತಿದ್ದರು.

"ಪೂಜಿ ಇಲ್ದ ಹೊಸಾ ಗಾಡಿ ಹತ್ತಾದ್ಹೆಂಗ್ರಿ, ಅಳಿಯಂದ್ರ?"

ಗಾಡಿ ಹಳೆಯದು ಎನ್ನಬಹುದಿತ್ತು. ಆದರೆ ಅತ್ತೆಯವರ ಮನಸ್ಸು ಗೆಲ್ಲಲು ಇದಕ್ಕಿಂತ ಒಳ್ಳೆಯ ಅವಕಾಶವೆಲ್ಲಿ? ಪೂಜೆ ಸಾವಕಾಶವಾಗಿ ನಡೆಯಿತು. ಬಾನೆಟ್ಟಿಗೆ ವಿಭೂತಿ, ಕನ್ನಡಿಗೆ ಹೂವು, ಸ್ಟೇರಿಂಗಿಗೆ ಅರಿಶಿನ. ಅಷ್ಟರಲ್ಲಿ ಬ್ರೇಕು ಪೂರ್ತಿ ತಣ್ಣಗಾಗಿತ್ತು. ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ನನ್ನ ಲಕ್ಷ್ಯವೆಲ್ಲ ನಾನೇ ಹಚ್ಚಿದ ಕೆಂಪು ಬಣ್ಣದ ಮೇಲಿತ್ತು.

"ಅತ್ತಿಯವರ, ಇಲ್ಲಿ ನೋಡ್ರಿ. ಇದು ಬ್ರೇಕು. ಗಾಡಿಯೊಳಗ ಎಲ್ಲಾಕಿಂತ ಮುಖ್ಯ ಇದ. ಜೀವ ಕಾಯೂದು ಇದ," ಎಂದೆ.

ಅತ್ತೆಯವರು ಭಕ್ತಿಯಿಂದ ಕುಕ್ಕರುಗಾಲಲ್ಲಿ ಕೂತರು. "ಹಂಗಾದ್ರ ಮದ್ಲ ಇದಕ್ಕ ಹಚ್ಚಬೇಕಾಗಿತ್ತು. ಕಬ್ಬಿಣಕ್ಕ ಬರೇ ಕುಂಕುಮ ನಿಲ್ಲಾಂಗಿಲ್ರಿ. ಶಾಂತಾ, ಎಣ್ಣಿ ಬಟ್ಟಲಾ ತಾ."

ಕುಸುಬಿ ಎಣ್ಣೆಯಲ್ಲಿ ಕುಂಕುಮ ಕಲಸಿದರು. ಚಕ್ರದ ಸಂದಿಯಲ್ಲಿ ಬೆರಳು ತೂರಿಸಿ, ಹೊಳೆಯುವ ಡಿಸ್ಕಿನ ಮೇಲೆ ಉದ್ದಕ್ಕೆ ಎಳೆದರು.

"ಸಾಕೇನ್ರಿ?"

"ಇನ್ನೊಂದೀಟು ಹಚ್ರಿ," ಎಂದೆ. ನಾನೇ ಎಂದೆ! ಖರೀದಿ ವಿಭಾಗದಲ್ಲಿ ಗ್ರೀಸು ಮೂಸಿ ನೋಡಿ ಕೊಳ್ಳುವ ನಾನೇ, ಎಣ್ಣೆಯ ಬಟ್ಟಲು ಹಿಡಿದುಕೊಂಡು, ಆ ಕಡೆಯ ಚಕ್ರಕ್ಕೂ ಅವರನ್ನು ಕೈಹಿಡಿದು ಕರೆದೊಯ್ದೆ. ಹಿಂದಿನ ಚಕ್ರಗಳಲ್ಲಿ ಡಿಸ್ಕು ಇಲ್ಲ. ಅಲ್ಲಿರುವುದು ಡ್ರಮ್ಮು, ಬ್ರೇಕು ಅದರೊಳಗೆ ಮುಚ್ಚಿರುತ್ತದೆ. ಕಣ್ಣಿಗೆ ಕಾಣದ್ದರಿಂದ ಅದಕ್ಕೆ ಪೂಜೆಯಾಗಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಅತ್ತೆಯವರು ಮುಂದೆ, ನನ್ನ ಎಡಕ್ಕೆ ಕೂತರು. ಶಾಂತಾ ಹಿಂದೆ. ಪೂಜೆಗೆಂದು ಚಕ್ರಗಳ ಕೆಳಗಿಟ್ಟಿದ್ದ ನಿಂಬೆಹಣ್ಣುಗಳನ್ನು ಚಪ್ಪಟೆ ಮಾಡಿ ಕಾರು ಹೊರಟಿತು. ಇಷ್ಟು ತಗ್ಗಿನ ಆಸನದಲ್ಲಿ ಅತ್ತೆಯವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ನಮ್ಮಿಬ್ಬರ ನಡುವೆ ಒಂದು ಹಿಡಿ ಸಿಕ್ಕಿತು. ಹಿಡಿದುಕೊಂಡರು.

ಇಳಿಜಾರು ಬಂತು. ಬ್ರೇಕ್ ಒತ್ತಿದೆ. ಈ ಸಲ ಕಾರು ಕಿರುಚಲೂ ಇಲ್ಲ. ಎಣ್ಣೆ ಹಚ್ಚಿದ ತೊಟ್ಟಿಲಿನ ಹಾಗೆ ಸದ್ದಿಲ್ಲದೆ ಇಳಿಯಿತು.

"ಛಲೋ ಹೊಂಟೈತಲ್ರಿ, ಅಳಿಯಂದ್ರ!"

"ಹೂಂ ರೀ," ಎಂದೆ. ನನ್ನ ಬಲಗಾಲು ಬ್ರೇಕಿಗೆ ಅಂಟಿತ್ತು. ಎಡಗಾಲನ್ನೂ ಅದರ ಮೇಲಿಟ್ಟೆ. ವೇಗ ಹೆಚ್ಚೇನೂ ಇರಲಿಲ್ಲ. ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದವನು ನಮ್ಮನ್ನು ಹಿಂದೆ ಹಾಕಿದ. ಆದರೆ ಕಾರು ನಿಲ್ಲುವ ವಿಚಾರದಲ್ಲಿರಲಿಲ್ಲ. ಎದುರಿಗೆ ಮುಚ್ಚಿದ ಗೇಟು. ಹಾರ್ನ್ ಹೊಡೆದೆ. ಮತ್ತೆ ಹೊಡೆದೆ. ಮಲ್ಲೇಶ ಹೊಸ ಚಹಾದ ಲೋಟ ಹಿಡಿದು ಕುರ್ಚಿಯಿಂದಲೇ ಕೈಯಾಡಿಸಿದ.

"ಪೊದ್ದುಗಾಲ ಸಂದಿ ಗಿದೇ ಗದಾ ಸಾರ್!"

ಬೆಳಗಿನಿಂದ ಇದೇ ಕತೆ ತಾನೇ ಎಂದು ಅವನ ಮಾತು. ನ್ಯಾಯವಾದ ಮಾತು.

"ಅವ ಗೇಟ್ ತಗೀಲಿಲ್ಲಲ್ರಿ?" ಎಂದರು ಅತ್ತೆಯವರು.

"ತಗೀತಾನ್ರಿ," ಎಂದೆ, ಪೂರ್ಣ ವಿಶ್ವಾಸದಿಂದ.

"ರೀ! ಬ್ರೇಕ್ ಹಾಕ್ರಿ!" ಎಂದಳು ಶಾಂತಾ.

"ಹಾಕೀನಿ!"

ಗೇಟಿನ ಸರಳುಗಳು ಒಂದೊಂದಾಗಿ ಸ್ಪಷ್ಟವಾಗತೊಡಗಿದವು. ಮಲ್ಲೇಶ ಎದ್ದ. ಲೋಟ ಬಿತ್ತು. "ಯಪ್ಪಾ ಶಿವನ!" ಎಂದು ಅತ್ತೆಯವರು ಕಣ್ಣು ಮುಚ್ಚಿ, ಕೈಯಲ್ಲಿದ್ದ ಹಿಡಿಯನ್ನು ಎರಡೂ ಕೈಗಳಿಂದ ಜಗ್ಗಿದರು.

ಅದು ಹ್ಯಾಂಡ್ ಬ್ರೇಕು! ಪೂಜೆಯಾಗದ ಹಿಂದಿನ ಚಕ್ರಗಳು ಎರಡೂ ಒಟ್ಟಿಗೆ ಕಚ್ಚಿದವು. ಕಾರು ಹಿಂಭಾಗ ಕುಣಿಸಿ ನಿಂತಿತು. ನಂಬರ್ ಪ್ಲೇಟು ಗೇಟಿಗೆ ತಾಗಿ "ಟಣ್" ಎಂದಿತು. ಅಷ್ಟೇ.

ಗೇಟಿನಾಚೆ ಒಂದು ಬಸ್ಸು ಹಾದುಹೋಯಿತು. ಆಮೇಲೆ ಹಿಂದಿನಿಂದ ಶಾಂತಾಳ ತಣ್ಣನೆಯ ದನಿ ಬಂತು.

"ಅವ್ವಾ, ಕಾರು ಹೆಂಗೈತಿ?"

ನಾನು ಕಣ್ಣು ಮುಚ್ಚಿಕೊಂಡೆ.

"ಭಾಳ ಛಲೋ ಐತವಾ!" ಎಂದರು ಅತ್ತೆಯವರು. "ಬಾಜೂಕ ಕೂತವರ ಕೈಯಾಗೂ ಒಂದು ಲಗಾಮು ಕೊಟ್ಟಾರ, ನೋಡು. ಗಂಡಸೂರು ಗಾಡಿ ನಡಸೋ ಮುಂದ ಇದು ಬೇಕ ಬೇಕು."

ಷರತ್ತು ಈಡೇರಿತು. ಕಾರು ನನ್ನದೇ ಆಯಿತು! ನುಮಾಯಿಷಿಗೆ ಆಟೋದಲ್ಲಿ ಹೋದೆವು. ಅತ್ತೆಯವರಿಗೆ ಕಂಬಳಿಯೂ ಸಿಕ್ಕಿತು.

ಮರುದಿನ ಕೋಠಿಗೆ ಫೋನು ಮಾಡಿ ಮಿಸ್ತ್ರಿಯನ್ನು ಮನೆಗೇ ಕರೆಸಿದೆ. ಪ್ಯಾಡು ಬಿಚ್ಚಿ ಮೂಸಿದವನೇ ಕೇಳಿದ: "ಸಾಬ್, ಇಸ್‌ಪೇ ಬ್ರೇಕ್ ಮಾರೇ ಕೀ ಮಿರ್ಚೀ ತಲೇ?" ಇದರ ಮೇಲೆ ಬ್ರೇಕ್ ಹಾಕಿದಿರೋ, ಮಿರ್ಚಿ ಕರಿದಿರೋ ಎಂದು. ಡಿಸ್ಕು ಒರೆಸಿ, ಕಂಪನಿಯವರ ಸಾದಾ ಪ್ಯಾಡು ಹಾಕಿದ. ಅದು ಕಿರುಚುವುದಿಲ್ಲ, ಕಾಯಿಸಬೇಕಾಗಿಲ್ಲ, ಒತ್ತಿದಲ್ಲಿ ನಿಲ್ಲುತ್ತದೆ. ಪೈಲ್ವಾನ ಗಂಜಿಯಲ್ಲಿ ಸುಖವಾಗಿದ್ದಾನೆ.

ಅತ್ತೆಯವರು ಕಲಬುರಗಿಗೆ ಮರಳಿ ಬಂಧುಬಳಗಕ್ಕೆಲ್ಲ ವರದಿ ಒಪ್ಪಿಸಿದ್ದಾರೆ: "ಗಾಡಿ ಅಳಿಯಂದ್ರು ಓಡಸ್ತಾರ್ರಿ. ನಿಲ್ಲಸಾಕ ನಾನ ಇರಬೇಕು."

ಕಲಬುರಗಿ ದೂರ, ಇಲ್ಲಿ ನನ್ನ ಮರ್ಯಾದೆಗೆ ಕೊರತೆಯಿಲ್ಲ ಎಂದುಕೊಂಡಿದ್ದೆ. ಮೊನ್ನೆ ಕಾರು ತೆಗೆದು ಗೇಟಿನ ಬಳಿ ಬಂದೆ. ಮಲ್ಲೇಶ ಬಗ್ಗಿ ಕಿಟಕಿಯಿಂದ ಎಡಗಡೆಯ ಸೀಟು ನೋಡಿದ. ಖಾಲಿ ಇತ್ತು.

ಅವನು ಸಲಾಮು ಹೊಡೆದ. ಆಮೇಲೆ ಮೊದಲು ತನ್ನ ಕುರ್ಚಿಯನ್ನು, ಅದರ ಹಿಂದೆಯೇ ಚಹಾದ ಲೋಟವನ್ನು ಗೋಡೆಯಾಚೆ ಸಾಗಿಸಿ ಬಂದು, ಗೇಟು ತೆಗೆದ!